ಕಾನ್ವಾಯ್ ಹತ್ತಿರ ಹೋಗಬೇಡಿ, ಅದೇ ನಿಮ್ಮ ಹತ್ತಿರ ಬರಲಿ

ಪ್ರಶ್ನೆ: ಸರ್, ನಾನು ಮಂಡ್ಯದವನು. ಸೈಲೆಂಟ್ ಹಂಟರ್ 3 ಎಂಬ ಎರಡನೇ ಮಹಾಯುದ್ಧದ ಸಬ್‌ಮರೀನ್ ಕಂಪ್ಯೂಟರ್ ಆಟ ಆಡುತ್ತೇನೆ. ನನ್ನದು ಜರ್ಮನಿಯ ಟೈಪ್ 7ಸಿ ಸಬ್‌ಮರೀನ್, ಕ್ಯಾಂಪೇನ್‌ನಲ್ಲಿ 1942ರ ಕೊನೆಗೆ ಬಂದಿದ್ದೇನೆ. ಒಂಟಿ ಹಡಗು ಸಿಕ್ಕರೆ ಹೊಡೆಯುತ್ತೇನೆ. ಕಾನ್ವಾಯ್, ಅಂದರೆ ಬೆಂಗಾವಲಿನೊಡನೆ ಹೋಗುವ ಸರಕು ಹಡಗುಗಳ ಗುಂಪು, ಸಿಕ್ಕಿದರೆ ಮಾತ್ರ ಪ್ರತಿ ಸಲ ನಾನೇ ಸಿಕ್ಕಿಬೀಳುತ್ತೇನೆ. ದೂರದಲ್ಲಿ ಹೊಗೆ ಕಂಡ ತಕ್ಷಣ ಮುಳುಗುತ್ತೇನೆ. ಐದಾರು ನಾಟ್ ವೇಗದಲ್ಲಿ ಹತ್ತಿರ ಹೋಗುತ್ತೇನೆ. ನಾಲ್ಕು ಕಿಲೋಮೀಟರ್ ಒಳಗೆ ಬಂದ ಮೇಲೆ ಸೈಲೆಂಟ್ ರನ್ನಿಂಗ್ (ಸದ್ದು ಕಡಿಮೆ ಮಾಡುವ ಗುಂಡಿ) ಹಾಕಿ ಪೆರಿಸ್ಕೋಪ್ ಎತ್ತಿ ನೋಡುತ್ತೇನೆ. ಅಷ್ಟರಲ್ಲಿ ಬೆಂಗಾವಲಿನ ಒಂದು ಡಿಸ್ಟ್ರಾಯರ್ ಯುದ್ಧನೌಕೆ ನೇರ ನನ್ನ ಕಡೆ ತಿರುಗಿರುತ್ತದೆ. ಆಟವೇ ಮೋಸ ಮಾಡುತ್ತಿದೆಯಾ? ರಾತ್ರಿ ನೀರಿನ ಮೇಲೇ ಹೋಗಿ ಹೊಡೆಯಿರಿ ಎನ್ನುತ್ತಾನೆ ಗೆಳೆಯ. ಅದು ಸರಿಯಾ?

ಉತ್ತರ: ಆಟ ಮೋಸ ಮಾಡುತ್ತಿಲ್ಲ. ಬೆಂಗಾವಲು ಹಡಗುಗಳಲ್ಲಿ ಚುರುಕಾದ ಸಿಬ್ಬಂದಿಯೂ ಇರುತ್ತಾರೆ, ಮಂಕಾದವರೂ ಇರುತ್ತಾರೆ. ಹಾಗಾಗಿ ಒಮ್ಮೆ ತಪ್ಪಿಸಿಕೊಂಡ ರೀತಿಯಲ್ಲೇ ಇನ್ನೊಮ್ಮೆ ಸಿಕ್ಕಿಬೀಳಬಹುದು. ಆದರೆ ಪ್ರತಿ ಸಲ ಸಿಕ್ಕಿಬೀಳುತ್ತೀರಿ ಅಂದರೆ ಅದು ಅದೃಷ್ಟದ ವಿಷಯ ಅಲ್ಲ. ಕೊನೆಯ ನಾಲ್ಕು ಕಿಲೋಮೀಟರ್‌ನಲ್ಲಿ ನೀವು ಏನು ಮಾಡಿದಿರಿ ಅನ್ನುವುದಕ್ಕಿಂತ, ಅದಕ್ಕೂ ಮೂರು ಗಂಟೆ ಮುಂಚೆ ಎಲ್ಲಿದ್ದಿರಿ ಅನ್ನುವುದು ಇಲ್ಲಿ ಜಾಸ್ತಿ ಮುಖ್ಯ. ನಿಮ್ಮ ಪತ್ರದಲ್ಲಿ 'ಹತ್ತಿರ ಹೋಗುತ್ತೇನೆ' ಎಂದಿದ್ದೀರಲ್ಲ, ಎಡವಟ್ಟು ಅಲ್ಲೇ ಇದೆ.

ನೀವು ಮಂಡ್ಯದವರು, ಆದ್ದರಿಂದ ಹೀಗೆ ಹೇಳಿದರೆ ತಕ್ಷಣ ಗೊತ್ತಾಗುತ್ತದೆ. ಫ್ಯಾಕ್ಟರಿಗೆ ಹೋಗುವ ಕಬ್ಬಿನ ಟ್ರಾಕ್ಟರ್‌ನಿಂದ ಜಲ್ಲೆ ಎಳೆಯುವ ಹುಡುಗರು ಟ್ರಾಕ್ಟರ್ ಹಿಂದೆ ಓಡುವುದಿಲ್ಲ. ಓಡಿದರೆ ಡ್ರೈವರ್ ಕನ್ನಡಿಯಲ್ಲಿ ನೋಡುತ್ತಾನೆ. ಅವರು ಮೊದಲೇ ಹೋಗಿ ಹಂಪ್ ಪಕ್ಕ ಸುಮ್ನೆ ನಿಂತಿರುತ್ತಾರೆ. ಟ್ರಾಕ್ಟರ್ ತಾನಾಗಿ ಬಂದು ಅವರ ಕೈಗೆ ಕಬ್ಬು ಕೊಡುತ್ತದೆ.

ಈಗ ಲೆಕ್ಕ ನೋಡಿ. ನಿಧಾನದ ಕಾನ್ವಾಯ್ ಸುಮಾರು 7 ನಾಟ್ ವೇಗದಲ್ಲಿ ಹೋಗುತ್ತದೆ, ಅಂದರೆ ಗಂಟೆಗೆ 13 ಕಿಲೋಮೀಟರ್. ವೇಗದ್ದು 9-10 ನಾಟ್. ನಿಮ್ಮ 7ಸಿ ನೀರಿನ ಮೇಲೆ ಹೆಚ್ಚೆಂದರೆ 17.7 ನಾಟ್, ನೀರಿನೊಳಗೆ 7.6 ನಾಟ್. ಆ 7.6 ಅನ್ನುವುದು ಕಾಗದದ ಮೇಲೆ ಮಾತ್ರ. ಆ ವೇಗದಲ್ಲಿ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಸದ್ದೂ ವಿಪರೀತ. 4 ನಾಟ್‌ನಲ್ಲಿ ಹೋದರೆ ಬ್ಯಾಟರಿ ಸುಮಾರು 80 ನಾಟಿಕಲ್ ಮೈಲಿ ಬರುತ್ತದೆ. ಸದ್ದಿಲ್ಲದೆ ಹೋಗಬೇಕಾದರೆ 2 ನಾಟ್. ಹೊಗೆ ಕಂಡ ತಕ್ಷಣ ಮುಳುಗಿದಿರಿ ಅಂದರೆ ನಿಮ್ಮ ಕೈಲಿದ್ದ ಒಂದೇ ಅನುಕೂಲ, ಅಂದರೆ ಮೇಲಿನ ವೇಗ, ಅದನ್ನೇ ಬಿಟ್ಟುಕೊಟ್ಟಿರಿ. ಆಮೇಲೆ ಆ ಕೊರತೆ ತುಂಬಲು ನೀರಿನೊಳಗೆ ಐದಾರು ನಾಟ್ ಓಡಿದಿರಿ. ಬೆಂಗಾವಲು ಹಡಗಿನಲ್ಲಿ ಹೈಡ್ರೋಫೋನ್ (ನೀರಿನೊಳಗಿನ ಸದ್ದು ಕೇಳುವ ಯಂತ್ರ) ಹಿಡಿದು ಕೂತವನಿಗೆ ಅಷ್ಟು ಸಾಕು. ಆಮೇಲೆ ಸೈಲೆಂಟ್ ರನ್ನಿಂಗ್ ಹಾಕಿದರೂ ನೀವು ಎಲ್ಲಿದ್ದೀರಿ ಅನ್ನುವುದು ಅವನಿಗೆ ಗೊತ್ತಾಗಿಬಿಟ್ಟಿರುತ್ತದೆ.

ಹೊಗೆ ಕಂಡಾಗ ಮುಳುಗಬೇಡಿ. ಹಿಂದೆ ಸರಿಯಿರಿ. ಹೊಗೆ ಮಾತ್ರ ಕಾಣಬೇಕು, ಹಡಗಿನ ಒಡಲು ಕಾಣಬಾರದು, ಅಷ್ಟು ದೂರದಲ್ಲಿ ಇರಿ. ಮ್ಯಾಪ್ ಮೇಲೆ ಗುರುತು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗುರುತು ಹಾಕಿ. ಎರಡು ಗುರುತು ಸೇರಿಸಿ ಗೆರೆ ಎಳೆದರೆ ಕಾನ್ವಾಯ್ ದಿಕ್ಕು ಸಿಗುತ್ತದೆ, ನಡುವಿನ ದೂರ ಮತ್ತು ಸಮಯದಿಂದ ವೇಗ ಸಿಗುತ್ತದೆ. ಎರಡೇ ಗುರುತಿಗೆ ನಂಬಬೇಡಿ, ಮೂರು ನಾಲ್ಕು ಹಾಕಿ. ಕಾನ್ವಾಯ್ ದಾರಿ ಬದಲಿಸುತ್ತಿರುತ್ತದೆ. ಆಮೇಲೆ ಅದರ ಪಕ್ಕಕ್ಕೆ ದೂರದಲ್ಲೇ ದೊಡ್ಡ ಸುತ್ತು ಹಾಕಿ ಮುಂದಕ್ಕೆ ಹೋಗಿ. ನೀವು 15 ನಾಟ್, ಅದು 7 ನಾಟ್ ಅಂದರೆ ಗಂಟೆಗೆ 15 ಕಿಲೋಮೀಟರ್ ಹತ್ತಿರ ನೀವು ಮುಂದೆ ಹೋಗುತ್ತೀರಿ. ಪಕ್ಕದಿಂದ ಶುರು ಮಾಡಿ ಮುಂದಕ್ಕೆ 30 ಕಿಲೋಮೀಟರ್ ಬೇಕಾದರೆ ಎರಡು ಗಂಟೆ, ಸುತ್ತು ಹಾಕುವುದಕ್ಕೆ ಇನ್ನಷ್ಟು. ಆಟದ ಗಡಿಯಾರವನ್ನು ವೇಗವಾಗಿ ಓಡಿಸುವ ಟೈಮ್ ಕಂಪ್ರೆಶನ್ ಇದೆ, ನಿಮ್ಮ ನಿದ್ದೆಗೇನೂ ನಷ್ಟ ಆಗುವುದಿಲ್ಲ.

ನೀರಿನ ಮೇಲಿದ್ದಾಗ ನಿಮ್ಮ ಹೈಡ್ರೋಫೋನ್ ಕೇಳುವುದಿಲ್ಲ. ಮಧ್ಯೆ ಮಧ್ಯೆ ಮುಳುಗಿ ಕೇಳಿ, ಮತ್ತೆ ಮೇಲೆ ಬನ್ನಿ. ನೀರಿನೊಳಗೆ ಕಾನ್ವಾಯ್ ಸದ್ದು ಕಣ್ಣಿಗೆ ಕಾಣುವುದಕ್ಕಿಂತ ದೂರಕ್ಕೆ ಬರುತ್ತದೆ. ಸಿಬ್ಬಂದಿ ಹೇಳುವುದನ್ನಷ್ಟೇ ನಂಬಬೇಡಿ, ನೀವೇ ಹೆಡ್‌ಫೋನ್ ಹಾಕಿ ಚಕ್ರ ತಿರುಗಿಸಿ. ಸರಕು ಹಡಗಿನ ಸದ್ದು ನಿಧಾನ, ಭಾರ. ಡಿಸ್ಟ್ರಾಯರ್ ಸದ್ದು ಬಿರುಸು. ನಾನಂತೂ ನಮ್ಮ ಕುವೆಂಪುನಗರದಲ್ಲಿ ಗಣೇಶನ ಆರ್ಕೆಸ್ಟ್ರಾ ನಡೆಯುವ ವಾರ ಹೈಡ್ರೋಫೋನ್ ಮುಟ್ಟುವುದೇ ಇಲ್ಲ. ಕಿವಿಗೆ ಬೀಳುವ ಢಂ ಢಂ ಕಾನ್ವಾಯಿದಾ ಬೀದಿಯದಾ ಎಂದು ಹೇಳುವುದೇ ಕಷ್ಟ.

ಸರಿ, ಮುಂದೆ ಬಂದಿರಿ. ಕಾನ್ವಾಯ್ 20 ಕಿಲೋಮೀಟರ್ ಹಿಂದೆ ಇದೆ, ನಿಮ್ಮ ಕಡೆಗೇ ಬರುತ್ತಿದೆ. ಈಗ ಮುಳುಗಿ. ಅದು ನಿಮ್ಮನ್ನು ತಲುಪಲು ಒಂದೂವರೆ ಗಂಟೆ ಬೇಕು. ಅಷ್ಟು ಹೊತ್ತಿನಲ್ಲಿ 2 ನಾಟ್ ವೇಗದಲ್ಲಿ ನೀವು ಐದೂವರೆ ಕಿಲೋಮೀಟರ್ ಪಕ್ಕಕ್ಕೆ ಸರಿಯಬಹುದು. ಗೆರೆ ಸ್ವಲ್ಪ ತಪ್ಪಿದ್ದರೂ ಸರಿಮಾಡಿಕೊಳ್ಳಲು ಇಷ್ಟು ಧಾರಾಳ ಸಾಕು. ಇದಕ್ಕಿಂತ ಹೆಚ್ಚು ಸರಿಯಬೇಕು ಅನ್ನಿಸಿದರೆ ನಿಮ್ಮ ಗೆರೆಯೇ ತಪ್ಪು ಎಂದರ್ಥ. ಆ ಕಾನ್ವಾಯನ್ನು ಬಿಟ್ಟು, ಅದು ದಾಟಿದ ಮೇಲೆ ಮೇಲೆದ್ದು, ಮತ್ತೊಂದು ಸುತ್ತು ಹಾಕಿ. ನೀರಿನೊಳಗೆ ವೇಗ ಏರಿಸಿ ಸರಿಮಾಡಲು ಹೋಗಬೇಡಿ. ಕಾನ್ವಾಯ್ ನಾಳೆಯೂ ಅಟ್ಲಾಂಟಿಕ್‌ನಲ್ಲೇ ಇರುತ್ತದೆ.

ಈಗ ಯಾರೂ ಸರಿಯಾಗಿ ಹೇಳಿಕೊಡದ ಭಾಗಕ್ಕೆ ಬರುತ್ತೇನೆ. ಬೆಂಗಾವಲು ಹಡಗಿಗೆ ನಿಮ್ಮನ್ನು ಹಿಡಿಯಲು ಎರಡು ಬೇರೆ ಬೇರೆ ಕಿವಿ ಇವೆ. ಹೈಡ್ರೋಫೋನ್ ಸುಮ್ಮನೆ ಕೇಳುತ್ತದೆ. ಆಸ್ಡಿಕ್ ಸದ್ದು ಕಳಿಸಿ, ನಿಮ್ಮ ಒಡಲಿಗೆ ತಾಗಿ ವಾಪಸ್ ಬರುವ ಪಿಂಗ್ ಕೇಳುತ್ತದೆ. ಸೈಲೆಂಟ್ ರನ್ನಿಂಗ್ ಮೊದಲನೆಯದಕ್ಕೆ ಮಾತ್ರ ಮದ್ದು. ಎರಡನೆಯದಕ್ಕೆ ನೀವು ಎಷ್ಟು ಮೌನವಾಗಿದ್ದೀರಿ ಅನ್ನುವುದು ಲೆಕ್ಕಕ್ಕೇ ಇಲ್ಲ. ಇಂಜಿನ್ ಪೂರ್ತಿ ನಿಲ್ಲಿಸಿದರೂ ಪಿಂಗ್ ತಾಗುತ್ತದೆ. ಅಲ್ಲಿ ಬೇಕಾಗುವುದು ಮೈ ಎಷ್ಟು ಅಗಲ ತೋರಿಸುತ್ತೀರಿ ಅನ್ನುವುದು. 7ಸಿ ಉದ್ದ 67 ಮೀಟರ್, ಅಗಲ 6 ಮೀಟರ್ ಚಿಲ್ಲರೆ. ಮೂತಿ ಅಥವಾ ಬಾಲ ಅವನ ಕಡೆ ಇಟ್ಟರೆ ಆ 6 ಮೀಟರ್ ಮಾತ್ರ ಅವನಿಗೆ ಕಾಣುವುದು. ಪಕ್ಕೆ ಕೊಟ್ಟರೆ 67 ಮೀಟರ್ ಗೋಡೆ.

ಆದರೆ ಟಾರ್ಪೆಡೊ ಹೊಡೆಯಲು ಕಾನ್ವಾಯ್ ದಾರಿಗೆ ಅಡ್ಡಲಾಗಿ, 90 ಡಿಗ್ರಿಯಲ್ಲಿ ಮೂತಿ ಇಡಿ ಎಂದು ಎಲ್ಲರೂ ಹೇಳುತ್ತಾರೆ. ಅದು ಸರಿಯೇ. ಹಾಗೆ ಅಡ್ಡಲಾಗಿ ನಿಂತು ಕಾಯುತ್ತಿದ್ದರೆ, ಅದೇ ದಾರಿಯಲ್ಲಿ ಮೊದಲು ಬರುವವನು ಯಾರು? ಮುಂದಿನ ಡಿಸ್ಟ್ರಾಯರ್. ಅವನಿಗೆ ನೀವು ಇಡೀ ಪಕ್ಕೆ ಒಡ್ಡಿ ನಿಂತಿದ್ದೀರಿ. ನಿಮ್ಮ ಕಡೆ ನೇರ ತಿರುಗುವ ಆ ಡಿಸ್ಟ್ರಾಯರ್ ಕಥೆ ಅರ್ಧ ಇಲ್ಲೇ ಇದೆ ಅನ್ನಿಸುತ್ತದೆ ನನಗೆ.

ನಾನು ಮಾಡುವುದು ಹೀಗೆ. ಕಾಯುವಾಗ ಮೂತಿಯನ್ನು ಕಾನ್ವಾಯ್ ಬರುವ ಕಡೆಗೇ ಇಡುತ್ತೇನೆ. ಮುಂದಿನ ಡಿಸ್ಟ್ರಾಯರ್ ಎದುರಿಂದ ಬರುತ್ತಾನೆ. ಅವನ ದಿಕ್ಕು ಹೈಡ್ರೋಫೋನ್‌ನಲ್ಲಿ ಸರಿದಂತೆ ನಾನೂ ಸ್ವಲ್ಪ ಸ್ವಲ್ಪ ಮೂತಿ ಸರಿಸುತ್ತೇನೆ. ಪೆರಿಸ್ಕೋಪ್ ಆಳದಲ್ಲಿ ಇರುವುದಿಲ್ಲ, ಅರವತ್ತು ಎಪ್ಪತ್ತು ಮೀಟರ್ ಕೆಳಗೆ ಇರುತ್ತೇನೆ. ಆಸ್ಡಿಕ್ ಹಡಗಿನ ಮುಂದಕ್ಕೆ ನೋಡುತ್ತದೆ, ಕೆಳಕ್ಕೆ ಅಷ್ಟಾಗಿ ಅಲ್ಲ. ತೀರ ಹತ್ತಿರ ಬಂದಾಗ ಆಳದಲ್ಲಿರುವವನು ಅವನ ಕಿರಣದ ಕೆಳಗೆ ಜಾರಿಹೋಗುತ್ತಾನೆ. ಅವನು ತಲೆಯ ಮೇಲೋ ಪಕ್ಕದಲ್ಲೋ ದಾಟಿ, ಸದ್ದು ಹಿಂದಕ್ಕೆ ಹೋಯಿತು ಅಂದಮೇಲೆ ಎರಡು ಕೆಲಸ ಒಟ್ಟಿಗೆ ಶುರು: ಮೇಲಕ್ಕೆ ಏರುವುದು, ಅಡ್ಡಲಾಗಿ ತಿರುಗುವುದು. ಅವನ ಹಿಂದಿನ ಭಾಗ ಅವನದೇ ಪ್ರೊಪೆಲ್ಲರ್ ಸದ್ದಿನಿಂದ ಕಿವುಡು. ನಿಮಗೆ ಬೇಕಾದ ಜಾಗ ಅದೇ.

ಸಮಯ ಸಾಕಾಗುತ್ತದಾ? ಕಾನ್ವಾಯ್ 7 ನಾಟ್ ಅಂದರೆ ನಿಮಿಷಕ್ಕೆ 216 ಮೀಟರ್. ಮುಂದಿನ ಡಿಸ್ಟ್ರಾಯರ್‌ಗೂ ಮೊದಲ ಸಾಲಿನ ಸರಕು ಹಡಗುಗಳಿಗೂ ನಡುವೆ 3 ಕಿಲೋಮೀಟರ್ ಇದ್ದರೆ ನಿಮಗೆ ಸಿಗುವುದು ಹದಿನಾಲ್ಕು ನಿಮಿಷ. 2 ನಾಟ್ ವೇಗದಲ್ಲಿ ಸಬ್‌ಮರೀನ್ ಬಹಳ ಸೋಮಾರಿಯಾಗಿ ತಿರುಗುತ್ತದೆ. ಪೂರ್ತಿ 90 ಡಿಗ್ರಿ ಬರದಿದ್ದರೆ ಗಾಬರಿ ಬೇಡ. ಟಾರ್ಪೆಡೊಗೆ ಗೈರೊ ಕೋನ ಕೊಟ್ಟರೆ ಅದೇ ತಿರುಗಿಕೊಂಡು ಹೋಗುತ್ತದೆ. ಕೋನ ದೊಡ್ಡದಾದಷ್ಟೂ ಗುರಿ ತಪ್ಪುವುದು ಜಾಸ್ತಿ. ಇಪ್ಪತ್ತು ಮೂವತ್ತು ಡಿಗ್ರಿ ಆದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ನಿಂತ ಜಾಗ ಯಾವುದಿರಬೇಕು? ಕಾನ್ವಾಯ್‌ಗಳು ಉದ್ದಕ್ಕಿಂತ ಅಗಲ ಜಾಸ್ತಿ ಇರುತ್ತವೆ, ಹಲವು ಸಾಲು ಅಕ್ಕಪಕ್ಕ. ಮುಂದೆ ಒಬ್ಬ ಇಬ್ಬರು, ಎರಡೂ ಪಕ್ಕಕ್ಕೆ ಒಬ್ಬೊಬ್ಬರು, ಹಿಂದೆ ಒಬ್ಬ. ಪಕ್ಕದಿಂದ ನುಗ್ಗಿದರೆ ಪಕ್ಕದವನ ಆಸ್ಡಿಕ್ ಎದುರಿಗೇ ಹೋಗುತ್ತೀರಿ. ನಟ್ಟನಡುವೆ ನಿಂತರೆ ಮುಂದಿನವನು ನೇರ ಮೇಲೆ ಬರುತ್ತಾನೆ. ಮುಂದಿನವನಿಗೂ ಪಕ್ಕದವನಿಗೂ ನಡುವಿನ ಮೂಲೆ ನನಗೆ ಇಷ್ಟ. ಅಲ್ಲಿಂದ ಒಳಕ್ಕೆ ಸೇರಿ, ಮೊದಲ ಎರಡು ಸಾಲುಗಳ ನಡುವೆ ಮೇಲೆ ಬಂದರೆ ಸುತ್ತ ಸರಕು ಹಡಗುಗಳ ಗದ್ದಲ. ಆ ಗದ್ದಲದಲ್ಲಿ ನಿಮ್ಮ 2 ನಾಟ್ ಸದ್ದು ಯಾರಿಗೂ ಕೇಳುವುದಿಲ್ಲ. ಆದರೆ ಏರುವಾಗ ಹೈಡ್ರೋಫೋನ್ ಬಿಡಬೇಡಿ. ಎಂಟು ಸಾವಿರ ಟನ್ ಹಡಗು ತಲೆ ಮೇಲೆ ಹತ್ತಿದರೆ ನೀರಿನೊಳಗೆ ಸಿಡಿಯುವ ಡೆಪ್ತ್ ಚಾರ್ಜ್ ಬಾಂಬ್ ಬೇಕಾಗುವುದಿಲ್ಲ.

ಸೈಲೆಂಟ್ ರನ್ನಿಂಗ್ ಬಗ್ಗೆ ಒಂದು ಮಾತು. ಅದನ್ನು ಹಾಕಿದರೆ ರಿಪೇರಿ ನಿಲ್ಲುತ್ತದೆ, ಟಾರ್ಪೆಡೊ ತುಂಬುವುದೂ ನಿಲ್ಲುತ್ತದೆ. ಆದ್ದರಿಂದ ಟ್ಯೂಬ್‌ಗಳನ್ನು ಮೊದಲೇ ತುಂಬಿಡಿ. ಅದನ್ನು ಹಾಕಿ 4 ನಾಟ್ ಓಡಿದರೆ ಪ್ರಯೋಜನ ಕಡಿಮೆ. ವೇಗ ಇಳಿಸುವುದೇ ಮುಖ್ಯ, ಗುಂಡಿ ಅದಕ್ಕೆ ಸಹಾಯ ಅಷ್ಟೇ.

ಪೆರಿಸ್ಕೋಪ್ ವಿಷಯದಲ್ಲಿ ನೀವು ಸ್ವಲ್ಪ ಬಿಗಿ ಮಾಡಬೇಕು. ಎತ್ತಿ ಇಟ್ಟುಕೊಂಡು ನೋಡುತ್ತಾ ಕೂರುವುದು ಬೇಡ. ಪೂರ್ತಿ ಎತ್ತಲೂ ಬೇಡ, ಅಲೆಯ ಮೇಲೆ ಗಾಜು ಕಂಡರೆ ಸಾಕು. ಐದಾರು ಸೆಕೆಂಡ್ ನೋಡಿ, ಇಳಿಸಿ, ಆಮೇಲೆ ಲೆಕ್ಕ ಮಾಡಿ. ವೇಗ ಜಾಸ್ತಿ ಇದ್ದರೆ ಕೊಳವೆಯ ಹಿಂದೆ ಬಿಳಿ ನೊರೆ ಏಳುತ್ತದೆ. ಕೊಳವೆಗಿಂತ ಆ ನೊರೆಯೇ ದೂರಕ್ಕೆ ಕಾಣುವುದು. ಕನ್ನಡಿಯಂತೆ ಶಾಂತವಾದ ಸಮುದ್ರದಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ ದಾಳಿ ಮಾಡಲು ಹೋಗಲೇಬೇಡಿ. ಸ್ವಲ್ಪ ಅಲೆ ಇರುವ ದಿನ ಆರಿಸಿ. ತೀರ ಬಿರುಗಾಳಿಯೂ ಬೇಡ, ಆಗ ನಿಮಗೇ ಏನೂ ಕಾಣುವುದಿಲ್ಲ. ಹಗಲಿನಲ್ಲಿ ಹೊಡೆಯಬೇಕಾಗಿ ಬಂದರೆ ಜಿ7ಎ ಟಾರ್ಪೆಡೊ ಬದಲು ಜಿ7ಇ ಬಳಸಿ. ಜಿ7ಎ 44 ನಾಟ್ ವೇಗದ್ದು ನಿಜ, ಆದರೆ ನೀರಿನ ಮೇಲೆ ಗುಳ್ಳೆಗಳ ಗೆರೆ ಎಳೆಯುತ್ತದೆ. ಆ ಗೆರೆಯ ತುದಿಯಲ್ಲಿ ನೀವಿರುತ್ತೀರಿ. ಎಲೆಕ್ಟ್ರಿಕ್ ಜಿ7ಇ 30 ನಾಟ್, ಗೆರೆ ಇಲ್ಲ.

ಇನ್ನು ನಿಮ್ಮ ಗೆಳೆಯ ಹೇಳಿದ್ದು. ಎರಡು ವರ್ಷ ಹಿಂದಿನ ಮಾತು ಅದು, ಅಂದರೆ ನಿಮ್ಮ ಆಟದ ಕ್ಯಾಲೆಂಡರ್‌ನಲ್ಲಿ. 1940ರಲ್ಲಿ ರಾತ್ರಿ ನೀರಿನ ಮೇಲೆ ಹೋಗುವುದು ಅಮೋಘ ಉಪಾಯವಾಗಿತ್ತು. ಆಸ್ಡಿಕ್ ನೀರಿನೊಳಗಿನದ್ದನ್ನು ಹುಡುಕಲು ಮಾಡಿದ್ದು, ಮೇಲೆ ತೇಲುವ ಸಬ್‌ಮರೀನ್ ಅದಕ್ಕೆ ಸಿಗುತ್ತಿರಲಿಲ್ಲ. ಕತ್ತಲಲ್ಲಿ 7ಸಿಯ ತಗ್ಗು ಮೈ ಕಣ್ಣಿಗೂ ಕಾಣುತ್ತಿರಲಿಲ್ಲ. ಆ ವರ್ಷ ಅಕ್ಟೋಬರ್‌ನಲ್ಲಿ ಎಸ್‌ಸಿ 7 ಕಾನ್ವಾಯ್‌ನ 35 ಹಡಗುಗಳಲ್ಲಿ 20 ಮುಳುಗಿದವು. ಜರ್ಮನಿಯ ಯು-99 ಸಬ್‌ಮರೀನ್‌ನ ಕ್ಯಾಪ್ಟನ್ ಒಟ್ಟೊ ಕ್ರೆಚ್ಮರ್ ಕಾನ್ವಾಯ್ ಸಾಲುಗಳ ಒಳಗೇ ನುಗ್ಗಿ ಹೊಡೆಯುವುದಕ್ಕೆ ಹೆಸರಾದ. ಆಮೇಲೆ ರೇಡಾರ್ ಬಂತು. 1941ರ ಮಾರ್ಚ್ 17ರ ನಸುಕಿನಲ್ಲಿ, ಎಚ್‌ಎಕ್ಸ್ 112 ಕಾನ್ವಾಯ್ ಬಳಿ, ವ್ಯಾನಾಕ್ ಎಂಬ ಬ್ರಿಟಿಷ್ ಡಿಸ್ಟ್ರಾಯರ್ ನೀರಿನ ಮೇಲಿದ್ದ ಯು-100 ಅನ್ನು ರೇಡಾರ್‌ನಲ್ಲಿ ಕಂಡು ಗುದ್ದಿ ಮುಳುಗಿಸಿತು. ಅದೇ ರಾತ್ರಿ ಕ್ರೆಚ್ಮರ್ ಕೂಡ ಸೆರೆ ಸಿಕ್ಕ.

ನೀವಿರುವ 1942ರ ಕೊನೆಗೆ ಬೆಂಗಾವಲು ಹಡಗುಗಳಲ್ಲಿ 10 ಸೆಂಟಿಮೀಟರ್ ಅಲೆಯ ರೇಡಾರ್ ಹರಡಿತ್ತು. ನಿಮ್ಮ ಮೆಟಾಕ್ಸ್ (ಶತ್ರು ರೇಡಾರ್ ಅಲೆ ಹಿಡಿಯುವ ಯಂತ್ರ) ಎಚ್ಚರಿಕೆ ಕೊಡುವುದು ಹಳೆಯ, ಉದ್ದ ಅಲೆಯ ರೇಡಾರ್‌ಗೆ ಮಾತ್ರ. ಅದು ಸುಮ್ಮನಿದೆ ಅಂದ ಮಾತ್ರಕ್ಕೆ ಯಾರೂ ನೋಡುತ್ತಿಲ್ಲ ಎಂದುಕೊಳ್ಳಬೇಡಿ. ರಾತ್ರಿ ನೀರಿನ ಮೇಲೆ ಸುತ್ತು ಹಾಕಿ ಮುಂದೆ ಹೋಗುವುದು ಈಗಲೂ ನಡೆಯುತ್ತದೆ, ದೂರ ಇನ್ನಷ್ಟು ಇಟ್ಟುಕೊಳ್ಳಬೇಕು ಅಷ್ಟೇ. ಸಾಲಿನೊಳಗೆ ಮೇಲೇ ನುಗ್ಗುವ ಕಾಲ ಮುಗಿಯಿತು. 1943ರ ಮೇ ತಿಂಗಳೊಂದರಲ್ಲೇ ಜರ್ಮನಿ 41 ಸಬ್‌ಮರೀನ್ ಕಳೆದುಕೊಂಡು ಉತ್ತರ ಅಟ್ಲಾಂಟಿಕ್‌ನಿಂದ ಹಿಂದೆ ಸರಿಯಿತು. ನಿಮ್ಮ ಕ್ಯಾಂಪೇನ್ ಅಲ್ಲಿಗೇ ಹೋಗುತ್ತಿದೆ.

ರೇಡಿಯೋ ಕೂಡ ಹಾಗೇ. ಯುದ್ಧದಲ್ಲಿ ಸಬ್‌ಮರೀನ್ ಸಂದೇಶ ಕಳಿಸಿದ ದಿಕ್ಕನ್ನು ಬೆಂಗಾವಲು ಹಡಗುಗಳು ಹಿಡಿದು ಅಲ್ಲಿಗೇ ಓಡುತ್ತಿದ್ದವು. ಆಟದಲ್ಲೂ ದಾಳಿ ಮುಗಿಯುವವರೆಗೆ ರೇಡಿಯೋ ಮುಟ್ಟದಿರುವುದು ಒಳ್ಳೆಯ ಅಭ್ಯಾಸ.

ಮೂಲೆಯಲ್ಲಿ ಕಾಯುವುದರ ಜೊತೆಗೆ ಹೊತ್ತು ನೋಡಿ ಹೊಡೆಯುವುದೂ ಒಂದು ಕಲೆ. ಇದಕ್ಕೆ ನಮ್ಮೂರ ಹೆಸರಿನ ಹಡಗೇ ಸಾಕ್ಷಿ. ಭಾರತದ ನೌಕಾಪಡೆಯ ಹಳೆಯ ಐಎನ್‌ಎಸ್ ಮೈಸೂರು ಕ್ರೂಸರ್ ಗೊತ್ತಲ್ಲ? 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಮುಂದಾಳು ಹಡಗು. 1957ರಲ್ಲಿ ಭಾರತಕ್ಕೆ ಬರುವ ಮುಂಚೆ ಅದು ಬ್ರಿಟಿಷರ ನೈಜೀರಿಯಾ. 1942ರ ಆಗಸ್ಟ್‌ನಲ್ಲಿ ಮಾಲ್ಟಾಗೆ ಹೊರಟ ದೊಡ್ಡ ಕಾನ್ವಾಯ್‌ಗೆ ಅದು ಬೆಂಗಾವಲು. 12ನೇ ತಾರೀಖು ಸಂಜೆ, ಬೆಳಕು ಇಳಿಯುವ ಹೊತ್ತಿನಲ್ಲಿ ಕಾನ್ವಾಯ್ ನಾಲ್ಕು ಸಾಲಿನಿಂದ ಎರಡು ಸಾಲಿಗೆ ಬದಲಾಗುತ್ತಿತ್ತು. ಆಗ ಅಕ್ಸುಮ್ ಎಂಬ ಇಟಲಿಯ ಸಬ್‌ಮರೀನ್ ನಾಲ್ಕು ಟಾರ್ಪೆಡೊ ಬಿಟ್ಟು ಆಳಕ್ಕೆ ಇಳಿಯಿತು. ಒಂದೇ ಸುತ್ತಿಗೆ ಮೂರು ಹಡಗಿಗೆ ಪೆಟ್ಟು: ನೈಜೀರಿಯಾ, ಕೈರೋ, ತೈಲದ ಹಡಗು ಒಹಾಯೊ. ಕೈರೋ ಹೋಯಿತು. ನೈಜೀರಿಯಾ ಕುಂಟುತ್ತಾ ಜಿಬ್ರಾಲ್ಟರ್‌ಗೆ ಮರಳಿತು. ಒಹಾಯೊ ಹೇಗೋ ಮಾಲ್ಟಾ ಸೇರಿತು.

ಅಷ್ಟೊಂದು ಬೆಂಗಾವಲಿನ ನಡುವೆ ಇದು ಆಗಿದ್ದು ಸಾಲು ಬದಲಿಸುವ ಹೊತ್ತಿನಲ್ಲಿ. ಆಗ ಯಾರು ಎಲ್ಲಿರಬೇಕು ಅನ್ನುವುದೇ ಕಲಸಿಹೋಗಿರುತ್ತದೆ. ಆಟದ ಕಾನ್ವಾಯ್ ಹೀಗೆ ಸಾಲು ಬದಲಿಸುವುದು ಅಪರೂಪ, ಆದರೆ ದಿಕ್ಕು ಬದಲಿಸುತ್ತದೆ. ಆ ತಿರುವಿನಲ್ಲಿ ಒಳಬದಿಯ ಬೆಂಗಾವಲು ವೇಗ ಇಳಿಸಬೇಕಾಗುತ್ತದೆ, ಹೊರಬದಿಯವನು ಹಿಂದೆ ಬಿದ್ದು ಜಾಗಕ್ಕೆ ಬರಲು ಓಡುತ್ತಾನೆ. ಓಡುವವನಿಗೆ ತನ್ನದೇ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ಗೆರೆ ಹಾಕುವಾಗ ಕಾನ್ವಾಯ್ ಎಲ್ಲಿ ತಿರುಗಬಹುದು ಎಂದು ಗೊತ್ತಾದರೆ ಅಲ್ಲೇ ಕಾಯಿರಿ. ಸಂಜೆಯ ಹೊತ್ತೂ ಒಳ್ಳೆಯದು. ಬೆಳಕು ಇರುವ ಆಕಾಶದ ಕಡೆ ಕಾನ್ವಾಯ್ ಇರಲಿ, ಕತ್ತಲ ಕಡೆ ನೀವಿರಿ. ಬೆಳದಿಂಗಳಿಗೂ ಇದೇ ನಿಯಮ.

ಹೊಡೆದ ಮೇಲೆ ಏನು ಅನ್ನುವುದು ಬೇರೆ ಪಾಠ, ಇಲ್ಲಿ ಚುಟುಕಾಗಿ. ದೂರದ ಹಡಗಿಗೆ ಮೊದಲು, ಹತ್ತಿರದ್ದಕ್ಕೆ ಆಮೇಲೆ ಬಿಡಿ, ಎಲ್ಲ ಒಟ್ಟಿಗೆ ಸಿಡಿಯಲಿ. ತಕ್ಷಣ ಆಳಕ್ಕೆ ಇಳಿದು ಕಾನ್ವಾಯ್ ಬಂದ ದಿಕ್ಕಿಗೇ, ಅದರ ಕೆಳಗೇ ಹೋಗಿ. ಡೆಪ್ತ್ ಚಾರ್ಜ್ ನೀರಿನಲ್ಲಿ ಸೆಕೆಂಡಿಗೆ 3 ಮೀಟರ್ ಲೆಕ್ಕದಲ್ಲಿ ಇಳಿಯುತ್ತದೆ, 150 ಮೀಟರ್ ಆಳದಲ್ಲಿದ್ದರೆ ನಿಮಗೆ 50 ಸೆಕೆಂಡ್ ಸಿಕ್ಕಿತು. ಅದು ಸಿಡಿಯುವಾಗ ಅವರೂ ಕಿವುಡರು. ಆಗ ಮಾತ್ರ ವೇಗ ಏರಿಸಿ ಪಕ್ಕಕ್ಕೆ ಜಿಗಿಯಿರಿ, ಗದ್ದಲ ಅಡಗುವ ಮುಂಚೆ ಮತ್ತೆ 2 ನಾಟ್. ನೀರಿನ ಬಿಸಿ ತಂಪು ಪದರದ ಕೆಳಗೆ ಅಡಗುವ ಉಪಾಯವನ್ನು ಎಲ್ಲೋ ಕೇಳಿರುತ್ತೀರಿ. ಅದು ಸೈಲೆಂಟ್ ಹಂಟರ್ 4ರಲ್ಲಿ ಕೆಲಸಕ್ಕೆ ಬರುತ್ತದೆ, ಪದರ ದಾಟಿದಾಗ ಸಿಬ್ಬಂದಿಯೇ ಕೂಗಿ ಹೇಳುತ್ತಾರೆ. ನಿಮ್ಮ 3ರಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ಗ್ರೇ ವುಲ್ವ್ಸ್ ಮಾಡ್ (ಆಟಗಾರರೇ ಆಟಕ್ಕೆ ಮಾಡಿದ ಮಾರ್ಪಾಡು) ಹಾಕಿಕೊಂಡಿದ್ದರೆ ಬೆಂಗಾವಲಿನವರ ಕಿವಿ ಇನ್ನೂ ಚುರುಕು, ಮೇಲೆ ಹೇಳಿದ ಎಲ್ಲ ದೂರಗಳನ್ನೂ ಹಿಗ್ಗಿಸಿಕೊಳ್ಳಿ.

ಮುಂದಿನ ಕಾನ್ವಾಯ್ ಸಿಕ್ಕಾಗ ಒಂದು ಕೆಲಸ ಮಾಡಿ ನೋಡಿ. ಟಾರ್ಪೆಡೊ ಬಿಡಲೇಬೇಡಿ. ಸುತ್ತು ಹಾಕಿ ಮುಂದೆ ಹೋಗಿ, ಮೂತಿ ಎದುರಿಟ್ಟು ಕಾದು, ಇಡೀ ಕಾನ್ವಾಯ್ ನಿಮ್ಮ ಮೇಲೆ ದಾಟಿಹೋಗಲು ಬಿಡಿ. ಒಂದು ಪಿಂಗೂ ಬೀಳದೆ ಅದು ದಾಟಿದರೆ ಆಮೇಲೆ ಹೊಡೆಯುವುದು ಸಣ್ಣ ಕೆಲಸ. ಗೇಮ್ ಸೇವ್ ಮಾಡುವುದಿದ್ದರೆ ಹೊಗೆ ಕಾಣುವ ಮುಂಚೆ, ನೀರಿನ ಮೇಲಿದ್ದಾಗಲೇ ಮಾಡಿ. ಮುಳುಗಿದ್ದಾಗ, ಅಕ್ಕಪಕ್ಕ ಹಡಗುಗಳಿದ್ದಾಗ ಮಾಡಿದ ಸೇವ್ ಫೈಲ್ ಈ ಆಟದಲ್ಲಿ ಕೈಕೊಡುವುದುಂಟು.